ಫೀಸಿಲ್ಲದ ಡಿಗ್ರಿಯ ಲೆಕ್ಕ

ಪ್ರಶ್ನೆ: ಮಗಳು ಪಿಯುಸಿ ಮುಗಿಸಿದ್ದಾಳೆ. ಜರ್ಮನಿಯಲ್ಲಿ ಡಿಗ್ರಿ ಪುಕ್ಕಟೆಯಂತೆ, ಇಂಗ್ಲೆಂಡಿನಲ್ಲಿ ಮೂರೇ ವರ್ಷವಂತೆ. ಯಾವುದು ಲೇಸು?

ಉತ್ತರ: ಎರಡೂ ‘ಅಂತೆ’ಗಳು ಮುಕ್ಕಾಲು ನಿಜ. ಜರ್ಮನಿಯ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಆದರೆ ಬಾಡೆನ್-ವುರ್ಟೆಂಬರ್ಗ್ ರಾಜ್ಯ 2017ರಿಂದ ನಮ್ಮಂಥ ಹೊರಗಿನವರಿಂದ ಸೆಮಿಸ್ಟರಿಗೆ 1500 ಯೂರೋ ಪಡೆಯುತ್ತಿದೆ. ವೀಸಾಕ್ಕೆ ವರ್ಷದ ಊಟ-ವಸತಿಯ ಹಣವನ್ನು ಮೊದಲೇ ಕಟ್ಟಿಡಬೇಕು; 2024ರ ಕೊನೆಯಲ್ಲಿ ಅದು 11,904 ಯೂರೋ. ಹಣ ನಿಮ್ಮದೇ, ಆದರೆ ಮಗಳ ಕೈಗೆ ಸಿಗುವುದು ತಿಂಗಳಿಗೆ 992ರಂತೆ, ಮನೆಯ ಹಿರಿಯರು ಪಾಕೆಟ್ ಮನಿ ಎಣಿಸಿ ಕೊಟ್ಟ ಹಾಗೆ!

ನಿಜವಾದ ತೊಡಕು ಬೇರೆ. ಅಲ್ಲಿ ಸ್ನಾತಕೋತ್ತರ ತರಗತಿಗಳು ಇಂಗ್ಲಿಷಿನಲ್ಲಿ ಬೇಕಾದಷ್ಟಿವೆ, ಬ್ಯಾಚುಲರ್ ಹಂತದಲ್ಲಿ ಹೆಚ್ಚಿನ ಪಾಠ ಜರ್ಮನ್‌ನಲ್ಲೇ. ಬರೀ ಪಿಯುಸಿ ಅಂಕಪಟ್ಟಿ ತೋರಿಸಿದರೆ ನೇರ ಪ್ರವೇಶವೂ ಸಾಮಾನ್ಯವಾಗಿ ಸಿಗದು. ಇಲ್ಲೊಂದು ವರ್ಷ ಡಿಗ್ರಿ ಓದಿಯೋ ಜೆಇಇ ಅಡ್ವಾನ್ಸ್‌ಡ್ ಪಾಸಾಗಿಯೋ ಹೋಗುವವರಿದ್ದಾರೆ.

ಇಂಗ್ಲೆಂಡಿನಲ್ಲಿ ಮೂರು ವರ್ಷವೆಂದರೆ, ನಾಲ್ಕು ವರ್ಷದ ಡಿಗ್ರಿಗಳ ಮುಂದೆ ಒಂದು ವರ್ಷದ ಖರ್ಚು ಉಳಿತಾಯ, ಸರಿ. ಆದರೆ ಅರ್ಜಿ ಹಾಕುವಾಗಲೇ ವಿಷಯ ಗಟ್ಟಿಯಾಗಿರಬೇಕು. ಸ್ಕಾಟ್ಲೆಂಡಿನ ಆನರ್ಸ್ ನಾಲ್ಕು ವರ್ಷ; ಮೊದಲೆರಡು ವರ್ಷ ಪಕ್ಕದ ವಿಷಯಗಳ ರುಚಿ ನೋಡಬಹುದು. ಅಮೆರಿಕದಲ್ಲಿ ಎಷ್ಟೋ ಕಡೆ ಎರಡನೇ ವರ್ಷದವರೆಗೆ ಮುಖ್ಯ ವಿಷಯ ಹೇಳದೆಯೂ ನಡೆಯುತ್ತದೆ, ಫೀಸು ಮಾತ್ರ ಎದೆ ನಡುಗಿಸುತ್ತದೆ.

ಹಾಗಾಗಿ ದೇಶ ಆಮೇಲೆ. ರಸಾಯನಶಾಸ್ತ್ರವೋ ಅರ್ಥಶಾಸ್ತ್ರವೋ ಎಂದು ಮಗಳು ಇನ್ನೂ ತೂಗುತ್ತಿದ್ದಾಳೆಯೇ? ಹಾಗಿದ್ದರೆ ನಾನು ಇಂಗ್ಲೆಂಡನ್ನು ಪಟ್ಟಿಯಲ್ಲಿ ಕೆಳಗಿಳಿಸುತ್ತಿದ್ದೆ.