ಉರಿಯುವ ಹೆಬ್ಬೆರಳಿಗೆ ಐಸೋ, ಕಾವೋ?

ನಡುರಾತ್ರಿ ಕಾಲಿನ ಹೆಬ್ಬೆರಳ ಬುಡ ಇದ್ದಕ್ಕಿದ್ದಂತೆ ಉರಿಯತೊಡಗುತ್ತದೆ. ಬೆಳಗಾಗುವಷ್ಟರಲ್ಲಿ ಕೆಂಪಗೆ ಊದಿ, ಹೊದ್ದ ಕೌದಿ ತಾಗಿದರೂ ಜೀವ ಹೋದಂತಾಗುತ್ತದೆ. ಗೌಟ್ ಮೊದಲ ಸಲ ಬರುವುದು ಹೆಚ್ಚಾಗಿ ಹೀಗೆಯೇ. ಕುಷ್ಟಗಿ, ಯಲಬುರ್ಗಾ ಕಡೆಯ ಮನೆಗಳಲ್ಲಾದರೆ ಹಿರಿಯರ ಮಾತು ಸಿದ್ಧ: ‘ಉಪ್ಪು ಹುರಿದು ಕಾವು ಕೊಡ್ರಿ, ತಂಡಿ ಮುಟ್ಟಿಸಬ್ಯಾಡ್ರಿ.’

ಮಂಡಿ ಸವೆದ ಹಳೆಯ ನೋವಿಗೆ ಈ ಮಾತು ಸಲ್ಲುತ್ತದೆ, ಗೌಟ್‌ಗೆ ಸಲ್ಲದು. ಆಯುರ್ವೇದ ಇದನ್ನು ವಾತರಕ್ತ ಎನ್ನುತ್ತದೆ. ಹೆಸರಲ್ಲೇ ವಾತವಿದ್ದ ಮೇಲೆ ತಂಪಿಗೆ ಜನ ಹೆದರಿದರೆ ಅಚ್ಚರಿಯಿಲ್ಲ. ಆದರೆ ಕೀಲಿನೊಳಗೆ ನಡೆದಿರುವುದೇ ಬೇರೆ. ರಕ್ತದಲ್ಲಿ ಹೆಚ್ಚಾದ ಯೂರಿಕ್ ಆಮ್ಲ ಸೂಜಿಯಂಥ ಹರಳುಗಳಾಗಿ ಅಲ್ಲಿ ಕೂತಿರುತ್ತದೆ. ಬಿಳಿ ರಕ್ತಕಣಗಳು ಅವುಗಳ ಮೇಲೆ ಮುಗಿಬಿದ್ದಾಗ ಏಳುವ ಉರಿ ಇದು. ರಕ್ತ ಆಗಲೇ ನುಗ್ಗುತ್ತಿರುವ ಜಾಗಕ್ಕೆ ಕಾವು ಕೊಟ್ಟರೆ ಬಾವು ಏರಬಹುದು. ಐಸ್ ಇಟ್ಟರೆ ರಕ್ತನಾಳಗಳು ಕುಗ್ಗುತ್ತವೆ, ನೋವು ಒಯ್ಯುವ ನರಗಳು ಮಂದವಾಗುತ್ತವೆ.

ಇದಕ್ಕೊಂದು ಪುಟ್ಟ ಪ್ರಯೋಗದ ಆಧಾರವಿದೆ. 2002ರಲ್ಲಿ ನವೋಮಿ ಶ್ಲೆಸಿಂಜರ್ ಮತ್ತು ಸಂಗಡಿಗರು ಪ್ರಕಟಿಸಿದ ಆ ಅಧ್ಯಯನದಲ್ಲಿ ಇದ್ದವರು ಬರೀ 19 ರೋಗಿಗಳು. ಎಲ್ಲರಿಗೂ ಒಂದೇ ಬಗೆಯ ಔಷಧಿ. 10 ಮಂದಿಗೆ ಮಾತ್ರ ಅದರ ಜೊತೆಗೆ ದಿನಕ್ಕೆ ನಾಲ್ಕು ಸಲ ಅರ್ಧರ್ಧ ಗಂಟೆ ಐಸ್. ವಾರದ ಬಳಿಕ ಐಸ್ ಇಟ್ಟವರ ನೋವು ಎದ್ದು ಕಾಣುವಷ್ಟು ಹೆಚ್ಚು ಇಳಿದಿತ್ತು. ಊತದ ವಿಷಯದಲ್ಲಿ ಅಂಥ ಖಚಿತ ವ್ಯತ್ಯಾಸ ಸಿಗಲಿಲ್ಲ. ಅಮೆರಿಕದ ಕೀಲುರೋಗ ತಜ್ಞರ ಸಂಘವೂ 2020ರ ಮಾರ್ಗಸೂಚಿಯಲ್ಲಿ ಐಸನ್ನು ಔಷಧಿಯ ಜೊತೆಗಾರನೆಂದು ಒಪ್ಪಿದೆ, ಬದಲಿ ಎಂದಲ್ಲ.

ಸ್ವಾರಸ್ಯವೆಂದರೆ, ಯೂರಿಕ್ ಆಮ್ಲ ಹರಳುಗಟ್ಟುವುದೂ ತಂಪಿನಲ್ಲೇ! 37 ಡಿಗ್ರಿಯಲ್ಲಿ ಡೆಸಿಲೀಟರಿಗೆ ಸುಮಾರು 6.8 ಮಿಲಿಗ್ರಾಂವರೆಗೆ ಕರಗಿರುವ ಅದು, ಶಾಖ ಇಳಿದಂತೆ ಅಷ್ಟು ಕರಗದು. ಮೈಗಿಂತ ತಣ್ಣಗಿರುವ ಹೆಬ್ಬೆರಳನ್ನೇ ಗೌಟ್ ಹಿಡಿಯಲು ಇದೂ ಒಂದು ಕಾರಣ. ಅಜ್ಜಿಯರ ತಂಡಿಯ ಭಯ ಪೂರ್ತಿ ಹುಸಿಯೇನಲ್ಲ. ಆದರೆ ಹರಳು ಕೂಡಿಬರಲು ವರ್ಷಗಳೇ ಬೇಕು; ಕೆಲ ನಿಮಿಷದ ಐಸಿನ ಲೆಕ್ಕ ಬೇರೆ.

ಐಸ್‌ಗಡ್ಡೆಯನ್ನು ಟವೆಲಿನಲ್ಲಿ ಸುತ್ತಿ 15–20 ನಿಮಿಷ ಇಟ್ಟು ತೆಗೆದರೆ ಸಾಕು. ಶುಗರ್‌ನಿಂದ ಪಾದ ಜೋಮು ಹಿಡಿದವರಿಗೆ ಐಸ್ ಸುಟ್ಟರೂ ತಿಳಿಯದು, ಅವರು ವೈದ್ಯರನ್ನು ಕೇಳದೆ ಇಡಬಾರದು. ಊತದ ಜೊತೆ ಚಳಿಜ್ವರ ಬಂದರೆ ಕೀಲಿನಲ್ಲಿ ಕೀವಾಗಿರಬಹುದು. ಕೊಪ್ಪಳಕ್ಕೋ ಗಂಗಾವತಿಗೋ ಅಂದೇ ಆಸ್ಪತ್ರೆಗೆ ಹೋಗಬೇಕು. ಹರಳನ್ನು ಕರಗಿಸುವುದು ಮಾತ್ರ ಅಲೋಪ್ಯೂರಿನಾಲ್‌ನಂಥ ಮಾತ್ರೆಯ ಕೆಲಸ: ಯೂರಿಕ್ ಆಮ್ಲ 6ರ ಕೆಳಗೆ ಇಳಿದು, ಅಲ್ಲೇ ನಿಲ್ಲಬೇಕು. ಆ ಮಾತ್ರೆ ನುಂಗುತ್ತಿದ್ದವರು ನೋವು ಎದ್ದಿತೆಂದು ನಡುವೆ ಬಿಡುವಂತಿಲ್ಲ.