ಬಿಸಿಲಿನ ಲೆಕ್ಕ, ಮೋಡದ ಲೆಕ್ಕ

ಕಳೆದ ಬೇಸಿಗೆಯಲ್ಲಿ ಸೋಲಾರ್ ಹಾಕಿಸಿಕೊಡುವವರೊಬ್ಬರು ನಮ್ಮ ಮನೆಗೆ ಬಂದಿದ್ದರು. ‘ಮೂರು ಕಿಲೋವ್ಯಾಟ್ ಹಾಕಿಸ್ರಿ, 78,000 ರೂಪಾಯಿ ಸಬ್ಸಿಡಿ ಬರ್ತದ. ಕರೆಂಟ್ ಹೋಗೋ ಚಿಂತಿನ ಇರಂಗಿಲ್ಲ’ ಎಂದರು. ವರದಾ ನದಿ ತುಂಗಭದ್ರೆಯನ್ನು ಸೇರುವ ನಮ್ಮ ಗಳಗನಾಥದಲ್ಲಿ ಮಳೆಗಾಲ ಬಂತೆಂದರೆ ಕರೆಂಟ್ ಕಣ್ಣಾಮುಚ್ಚಾಲೆ ಆಡುತ್ತದೆ. ತಂಗಿಗೆ ದ್ವಿತೀಯ ಪಿಯುಸಿ ಬೇರೆ. ಸಬ್ಸಿಡಿ ಕಳೆದು ಉಳಿದ ಹಣಕ್ಕೆ ಸಾಲ ಮಾಡಲು ಅಪ್ಪ ತಯಾರಾಗಿದ್ದರು. ಕೊನೆಗೆ ನನ್ನತ್ತ ತಿರುಗಿ, ‘ನೀ ಬಿ.ಇ. ಓದಾಕತ್ತೀಯಲ್ಲ, ಒಮ್ಮೆ ಲೆಕ್ಕಾ ಹಾಕಿ ಹೇಳಪಾ’ ಎಂದರು.

ಮೊದಲು ಮನೆಯ ಲೆಕ್ಕ. ಬಲ್ಬು, ಫ್ಯಾನು, ಟಿ.ವಿ., ಫ್ರಿಜ್ಜು, ಮಿಕ್ಸಿ ಎಲ್ಲವನ್ನೂ ಬರೆದೆ. ಒಂದೊಂದರ ವ್ಯಾಟನ್ನು ಅದು ಓಡುವ ಗಂಟೆಗಳಿಂದ ಗುಣಿಸಿ, ಕೂಡಿಸಿ, ಸಾವಿರದಿಂದ ಭಾಗಿಸಿದರೆ ಯೂನಿಟ್ ಸಿಗುತ್ತದೆ. ನಮಗೆ ಬೇಕಾದದ್ದು ದಿನಕ್ಕೆ ಸುಮಾರು ಮೂರು, ತಿಂಗಳಿಗೆ 90 ಯೂನಿಟ್.

ಇನ್ನು ಪ್ಯಾನೆಲ್ ಲೆಕ್ಕ. ಕಾಕಾನ ಮನೆಯ ಮೇಲೆ ಒಂದು ಕಿಲೋವ್ಯಾಟ್ ಪ್ಯಾನೆಲ್ ಇದೆ. ಏಪ್ರಿಲ್ ತಿಂಗಳ ಸುಡು ಮಧ್ಯಾಹ್ನದಲ್ಲೂ ಇನ್ವರ್ಟರ್ 770 ವ್ಯಾಟ್ ದಾಟುತ್ತಿರಲಿಲ್ಲ. ‘ಮೋಸ ಮಾಡ್ಯಾರ’ ಎನ್ನುವುದು ಕಾಕಾನ ಸಿಟ್ಟು. ಆದರೆ ಅದು ಮೋಸವಲ್ಲ. ಪ್ಯಾನೆಲ್ ಮೇಲೆ ಬರೆದಿರುವುದು ಪ್ರಯೋಗಾಲಯದ ಅಂಕಿ. ಚದರ ಮೀಟರಿಗೆ 1000 ವ್ಯಾಟ್ ಬೆಳಕು ಬೀಳುವಾಗ, ಸೆಲ್ಲಿನ ಉಷ್ಣತೆ 25 ಡಿಗ್ರಿ ಇದ್ದಾಗ ಬರುವ ಶಕ್ತಿ ಅದು. ನಮ್ಮ ಬಿಸಿಲಿಗೆ ಸೆಲ್ಲು 65 ಡಿಗ್ರಿವರೆಗೂ ಕಾಯುತ್ತದೆ. ಪ್ರತಿ ಡಿಗ್ರಿಗೆ ಸುಮಾರು ಶೇ 0.35ರಂತೆ 40 ಡಿಗ್ರಿಗೆ ಶೇ 14 ಕಡಿಮೆಯಾಗುತ್ತದೆ. ಗೋವಿನಜೋಳದ ರಾಶಿಯ ಧೂಳು, ವೈರು, ಇನ್ವರ್ಟರ್ ಸೇರಿ ಇನ್ನೂ ಶೇ 10ರಷ್ಟು ತಿನ್ನುತ್ತವೆ. ಸೋಲಾರ್ ಬೇಡುವುದು ಬೆಳಕನ್ನು, ಕಾವನ್ನಲ್ಲ!

ವರ್ಷದ ಸರಾಸರಿ ತೆಗೆದರೆ ನಮ್ಮ ಭಾಗದಲ್ಲಿ ಒಂದು ಕಿಲೋವ್ಯಾಟ್‌ಗೆ ದಿನಕ್ಕೆ ಸುಮಾರು ನಾಲ್ಕು ಯೂನಿಟ್ ಸಿಗುತ್ತದೆ. ಮೋಡ ಕವಿದ ದಿನ ಎರಡಕ್ಕೂ ಇಳಿಯಬಹುದು. ಮೂರು ಕಿಲೋವ್ಯಾಟ್ ಎಂದರೆ ಸರಾಸರಿ ಹನ್ನೆರಡು ಯೂನಿಟ್. ನಮಗೆ ಬೇಕಾದ್ದು ಮೂರೇ. ಮೇಲಾಗಿ ಗೃಹಜ್ಯೋತಿಯಿಂದಾಗಿ ನಮ್ಮ ಬಿಲ್ ಸೊನ್ನೆ. ಸೊನ್ನೆಯಲ್ಲಿ ಏನು ಉಳಿಸುವುದು? ರಾಣೆಬೆನ್ನೂರಿನಂಥ ಊರಲ್ಲಿ ಎ.ಸಿ., ಗೀಸರ್ ಇಟ್ಟುಕೊಂಡು ತಿಂಗಳಿಗೆ 300 ಯೂನಿಟ್ ಉರಿಸುವ ಮನೆಗೆ ಮೂರು ಕಿಲೋವ್ಯಾಟ್ ಸರಿಯಾದೀತು.

ಅಪ್ಪನಿಗೆ ಆಘಾತವಾದದ್ದು ಇನ್ನೊಂದು ಸಂಗತಿಯಿಂದ. ಬ್ಯಾಟರಿ ಇಲ್ಲದೆ ಗ್ರಿಡ್‌ಗೆ ಜೋಡಿಸಿದ ಸೋಲಾರ್, ಲೈನಿನ ಕರೆಂಟ್ ಹೋದ ಕೂಡಲೇ ತಾನೂ ನಿಲ್ಲುತ್ತದೆ. ಇಲ್ಲದಿದ್ದರೆ ಕಂಬ ಹತ್ತಿದ ಲೈನ್‌ಮನ್‌ಗೆ ನಮ್ಮ ಮನೆಯ ಕರೆಂಟೇ ಹೊಡೆದೀತು. ‘ಹಂಗಾರ ಬಿಸಿಲಿದ್ರೂ ಫ್ಯಾನ್ ತಿರುಗಂಗಿಲ್ಲೇನು?’ ಎಂದರು ಅಪ್ಪ. ‘ಇಲ್ಲಪ್ಪ’ ಎಂದೆ. ಬಂದವರು ತೋರಿಸಿದ ದರಪಟ್ಟಿಯಲ್ಲಿ ಬ್ಯಾಟರಿಯ ಹೆಸರೇ ಇರಲಿಲ್ಲ.

ನಮಗೆ ಬೇಕಿದ್ದದ್ದು ಬಿಲ್ ಉಳಿತಾಯವಲ್ಲ, ಕತ್ತಲಲ್ಲಿ ಬೆಳಕು. ನಾಲ್ಕು ಬಲ್ಬು, ಒಂದು ಫ್ಯಾನು ಸೇರಿ 120 ವ್ಯಾಟ್. ನಾಲ್ಕು ಗಂಟೆಗೆ ಅರ್ಧ ಯೂನಿಟ್ ಸಾಕು. 12 ವೋಲ್ಟ್, 150 ಆಂಪಿಯರ್ ಅವರ್ ಬ್ಯಾಟರಿಯಲ್ಲಿ 1.8 ಯೂನಿಟ್ ಹಿಡಿಯುತ್ತದೆ. ಲೆಡ್-ಆ್ಯಸಿಡ್ ಬ್ಯಾಟರಿ ಬಾಳಬೇಕೆಂದರೆ ಅರ್ಧದಷ್ಟನ್ನೇ ಬಳಸಬೇಕು. ಅಷ್ಟಿದ್ದರೂ ನಮಗೆ ಸಾಕು. ಪ್ಯಾನೆಲ್ ಲೆಕ್ಕವನ್ನು ಮಾತ್ರ ಏಪ್ರಿಲ್ ಬಿಸಿಲಿಗಲ್ಲ, ಪುಷ್ಯ ಮಳೆಯ ಮೋಡಕ್ಕೆ ಹಾಕಿದೆ. ಕರೆಂಟ್ ಕೈಕೊಡುವುದು ಆಗಲೇ ಅಲ್ಲವೇ? ಮೋಡದ ದಿನವೂ ಅರ್ಧ ಯೂನಿಟ್‌ಗಿಂತ ತುಸು ಹೆಚ್ಚು ಬರಬೇಕೆಂದರೆ 350 ವ್ಯಾಟ್ ಬೇಕು.

ಅಷ್ಟನ್ನೇ ಹಾಕಿಸಿದೆವು. ಇಂಥ ಸಣ್ಣ ವ್ಯವಸ್ಥೆಗೆ ಆ ಸಬ್ಸಿಡಿ ಸಿಗಲಿಲ್ಲ, ಆದರೆ ಸಾಲವೂ ಬೇಕಾಗಲಿಲ್ಲ. ಪ್ಯಾನೆಲ್ ದಕ್ಷಿಣಕ್ಕೆ ಮುಖ ಮಾಡಿ 15 ಡಿಗ್ರಿ ವಾಲಿದೆ. ಬೇವಿನ ಮರದ ನೆರಳು ತಾಗದಂತೆ ಎರಡು ಸಲ ಜಾಗ ಬದಲಿಸಿದೆವು. ವಾರಕ್ಕೊಮ್ಮೆ ಬೆಳಿಗ್ಗೆ, ಬಿಸಿಲೇರುವ ಮುನ್ನ ಅವ್ವ ಒರೆಸುತ್ತಾಳೆ.

ಮಳೆಗಾಲದಲ್ಲಿ ಒಂದು ರಾತ್ರಿ ಹಾಸ್ಟೆಲಿಗೆ ತಂಗಿಯ ಫೋನು ಬಂತು. ‘ಅಣ್ಣಾ, ಊರಾಗೆಲ್ಲಾ ಕತ್ತಲ. ನಾ ಓದಾಕತ್ತೀನಿ, ಆಮ್ಯಾಲೆ ಮಾತಾಡ್ತೀನಿ’ ಎಂದು ಇಟ್ಟೇಬಿಟ್ಟಳು.