ಮುಂಜಾವಿನ ಸೀಟಿ: ತಣ್ಣನೆಯ ಎಂಜಿನ್ನಿನ ಸದ್ದಿಗೆ ಮೂಲವೆಲ್ಲಿ?

ಡಿಸೆಂಬರ್, ಜನವರಿ ತಿಂಗಳುಗಳೆಂದರೆ ಗಂಗಾವತಿ, ಕಾರಟಗಿ ಭಾಗದ ಅಕ್ಕಿ ಗಿರಣಿಗಳಿಗೆ ಬಿಡುವಿಲ್ಲದ ಕಾಲ. ತುಂಗಭದ್ರಾ ಎಡದಂಡೆ ಕಾಲುವೆಯ ಅಚ್ಚುಕಟ್ಟಿನ ಭತ್ತ ಗಿರಣಿಯ ಅಂಗಳಕ್ಕೆ ಬರುವುದೂ, ಅಕ್ಕಿ ಹೇರಿದ ಲಾರಿಗಳು ಪರಸ್ಥಳಗಳಿಗೆ ಹೊರಡುವುದೂ ಈ ಅವಧಿಯಲ್ಲಿಯೇ. ರಾತ್ರಿಯಿಡೀ ಬಯಲಿನಲ್ಲಿ ನಿಂತ ಲಾರಿಯನ್ನು ಈ ದಿನಗಳ ಮುಂಜಾವಿನಲ್ಲಿ ಚಾಲೂ ಮಾಡಿದೊಡನೆ ಕೆಲವೊಮ್ಮೆ ಸೀಟಿ ಊದಿದಂತಹ ಸದ್ದೊಂದು ಕೇಳಿಬರುತ್ತದೆ. ಚಾಲಕನು ಚಹಾ ಕುಡಿದು ಬರುವಷ್ಟರಲ್ಲಿ ಅದು ತಾನಾಗಿಯೇ ಅಡಗಿರುತ್ತದೆ. ಸದ್ದು ನಿಂತಿತೆಂದು ಲಾರಿ ಹೊರಟುಬಿಡುತ್ತದೆ.

ಈ ದೋಷವನ್ನು ಪತ್ತೆ ಮಾಡುವಲ್ಲಿನ ತೊಡಕು ಇದೇ ಆಗಿದೆ. ಕುಷ್ಟಗಿ ಅಥವಾ ಯಲಬುರ್ಗಾದ ವರ್ತಕರು ವಾಹನವನ್ನು ಕೊಪ್ಪಳದ ಗ್ಯಾರೇಜಿಗೆ ಒಯ್ಯುವರೆಂದಿಟ್ಟುಕೊಳ್ಳೋಣ. ದಾರಿ ಸವೆಯುವಷ್ಟರಲ್ಲಿ ಎಂಜಿನ್ನು ಚೆನ್ನಾಗಿ ಕಾದು, ಮೆಕ್ಯಾನಿಕ್ಕನ ಮುಂದೆ ಸದ್ದೇ ಇರುವುದಿಲ್ಲ. ಆಗ ಉಳಿಯುವುದು ಊಹೆ ಮಾತ್ರ. ಸೀಟಿ ಎಂದೊಡನೆ ಟರ್ಬೊ ಎಂದು ಊಹಿಸುವುದು ಸುಲಭ. ಟರ್ಬೊ ಬದಲಿಸುವ ಖರ್ಚಾದರೋ ಸಣ್ಣ ವ್ಯಾಪಾರಿಯ ಒಂದು ಹಂಗಾಮಿನ ಲಾಭಕ್ಕೇ ಕೈಹಾಕುವಂಥದು. ಹೊಸ ಟರ್ಬೊ ಹಾಕಿಸಿದ ಮರುದಿನ ಬೆಳಗ್ಗೆ ಅದೇ ಸೀಟಿ ಕೇಳಿಸಿದರೆ ದೂರುವುದಾದರೂ ಯಾರನ್ನು? ಆದುದರಿಂದ ವಾಹನವನ್ನು ಹಿಂದಿನ ಸಂಜೆಯೇ ಗ್ಯಾರೇಜಿನಲ್ಲಿ ಬಿಟ್ಟು, ಬೆಳಗ್ಗೆ ಮೆಕ್ಯಾನಿಕ್ಕನ ಸಮಕ್ಷಮದಲ್ಲಿಯೇ ಮೊದಲ ಬಾರಿಗೆ ಚಾಲೂ ಮಾಡುವುದು ಸರಿಯಾದ ಕ್ರಮ. ಅದು ಆಗದಿದ್ದಲ್ಲಿ ಬಾನೆಟ್ಟು ತೆರೆದು ಸದ್ದನ್ನು ಮೊಬೈಲಿನಲ್ಲಿ ಹಿಡಿದಿಟ್ಟುಕೊಂಡು ಹೋಗಬಹುದು.

ನಮ್ಮ ಸೀಮೆಯ ಚಳಿ ಎಂಜಿನ್ನನ್ನು ಹೆಪ್ಪುಗಟ್ಟಿಸುವಂಥದಲ್ಲ. ಆದರೂ ತಣ್ಣಗಿರುವಾಗ ರಬ್ಬರು ಗಡುಸಾಗಿರುತ್ತದೆ, ಆಯಿಲ್ಲು ಮಂದವಾಗಿರುತ್ತದೆ, ಬಿಸಿಯಲ್ಲಿ ಬಿಗಿದುಕೊಳ್ಳುವ ಲೋಹದ ಜೋಡಣೆಗಳು ಸಂಕುಚಿತವಾಗಿ ಕೂದಲೆಳೆಯಷ್ಟು ಸಂದು ಬಿಟ್ಟಿರುತ್ತವೆ. ಇದರ ಜೊತೆಗೆ ಸ್ಟಾರ್ಟರು ತಿರುಗಿದಾಗ ಬ್ಯಾಟರಿಯಿಂದ ಖರ್ಚಾದ ವಿದ್ಯುತ್ತನ್ನು ಆಲ್ಟರ್ನೇಟರು ಆ ಮೊದಲ ನಿಮಿಷಗಳಲ್ಲಿಯೇ ತುಂಬಿಕೊಡಬೇಕು. ಆ ಹೊರೆಯೆಲ್ಲ ಬೀಳುವುದು ಪಟ್ಟಾದ ಮೇಲೆ.

ಆದ್ದರಿಂದ ಮೊದಲು ನೋಡಬೇಕಾದುದು ಪಟ್ಟಾವನ್ನೇ. ಹಳತಾಗಿ ಹೊಳಪು ಬಂದ, ಬಿರುಕುಬಿಟ್ಟ ಅಥವಾ ಸಡಿಲಾದ ಪಟ್ಟಾ ಪುಲ್ಲಿಯ ಮೇಲೆ ಜಾರಿ ಕಿರುಗುಟ್ಟುತ್ತದೆ; ಬಿಸಿಯಾಗಿ ಹಿಡಿತ ಬಂದೊಡನೆ ಸುಮ್ಮನಾಗುತ್ತದೆ. ಹಲ್ಲುಗೆರೆಗಳಿರುವ ಚಪ್ಪಟೆ ಪಟ್ಟಾಗಳಿಗೆ ಖರ್ಚಿಲ್ಲದ ಪರೀಕ್ಷೆಯೊಂದಿದೆ. ಎಂಜಿನ್ನು ಐಡಲ್‌ನಲ್ಲಿರುವಾಗ, ದೂರದಿಂದ, ಪಟ್ಟಾದ ಒಳಮೈಗೆ ಕೊಂಚ ನೀರು ಚಿಮುಕಿಸಬೇಕು. ಸದ್ದು ಹೆಚ್ಚಾದರೆ ಬಿಗಿತ ಸಾಲದು; ಕ್ಷಣಕಾಲ ನಿಂತು ಮತ್ತೆ ಬಂದರೆ ಪುಲ್ಲಿಗಳು ಒಂದೇ ಸಾಲಿನಲ್ಲಿಲ್ಲವೆಂದು ತಿಳಿಯಬಹುದು. ಎರಡನೆಯ ಸಂದರ್ಭದಲ್ಲಿ ಹೊಸ ಪಟ್ಟಾ ಹಾಕಿದರೂ ಕೆಲವೇ ದಿನಗಳಲ್ಲಿ ಸೀಟಿ ಮರಳುತ್ತದೆ. ಎಂಜಿನ್ನನ್ನು ನಿಲ್ಲಿಸಿ ಪಟ್ಟಾ ಕಳಚಿ, ಅರ್ಧ ನಿಮಿಷದಷ್ಟು ಮಾತ್ರ ಓಡಿಸಿದಾಗ ಸದ್ದು ಮಾಯವಾದರೆ ದೋಷವು ಪಟ್ಟಾದಲ್ಲೋ ಅದು ತಿರುಗಿಸುವ ಪುಲ್ಲಿಗಳ ಬೇರಿಂಗಿನಲ್ಲೋ ಇರುವುದು ಖಚಿತ. ಪಟ್ಟಾ ಇಲ್ಲದಿರುವಾಗ ಅನೇಕ ಎಂಜಿನ್ನುಗಳಲ್ಲಿ ವಾಟರ್ ಪಂಪೂ ನಿಂತಿರುವುದರಿಂದ ಹೆಚ್ಚು ಹೊತ್ತು ಓಡಿಸಲಾಗದು. ಇಂತಹ ಪರೀಕ್ಷೆಗೆ ಬಗ್ಗುವವರು ಹೆಗಲ ಮೇಲಿನ ಟವೆಲ್ಲನ್ನು ಮೊದಲು ತೆಗೆದಿಡುವುದು ಒಳ್ಳೆಯದು.

ಪಟ್ಟಾ ನಿರ್ದೋಷಿಯಾದಲ್ಲಿ ಗಾಳಿಯ ದಾರಿಯನ್ನು ಶೋಧಿಸಬೇಕು. ಕೊಪ್ಪಳ ಜಿಲ್ಲೆಯ ಮಟ್ಟಿಗೆ ಅತ್ಯಂತ ಗಂಭೀರವಾದುದು ಇದೇ. ಏರ್ ಫಿಲ್ಟರಿನಿಂದ ಟರ್ಬೊವರೆಗಿನ ರಬ್ಬರ್ ಹೋಸಿನಲ್ಲಿ ಸೀಳು ಇದ್ದರೆ, ಅಥವಾ ಕ್ಲಿಪ್ಪು ಸಡಿಲಾಗಿದ್ದರೆ, ಎಂಜಿನ್ನು ಅಲ್ಲಿಂದ ಗಾಳಿಯನ್ನು ಹೀರುತ್ತದೆ. ಗಡುಸು ರಬ್ಬರಿನ ಸಂದಿನಲ್ಲಿ ನುಗ್ಗುವ ಆ ಗಾಳಿಯೇ ಸೀಟಿ. ರಬ್ಬರು ಬಿಸಿಯಾಗಿ ಮೆತ್ತಗಾದಾಗ ಸದ್ದು ಅಡಗಬಹುದು, ಆದರೆ ಸೀಳು ಮುಚ್ಚಿತೆಂದು ಅರ್ಥವಲ್ಲ. ಗಿಣಿಗೇರಾ ಸುತ್ತಲಿನ ಕಬ್ಬಿಣದ ಕಾರ್ಖಾನೆಗಳ ಧೂಳು, ಗಿರಣಿ ಅಂಗಳದ ಹೊಟ್ಟಿನ ಧೂಳು, ಕುಷ್ಟಗಿ ಕಡೆಯ ಕಲ್ಲುಗಣಿಗಳ ಪುಡಿ, ಇವೆಲ್ಲವೂ ಫಿಲ್ಟರನ್ನು ದಾಟದೆಯೇ ನೇರವಾಗಿ ಒಳಸೇರುತ್ತಿರುತ್ತವೆ. ಕಲ್ಲಿನ ಪುಡಿಯು ಟರ್ಬೊ ಚಕ್ರದ ಅಂಚನ್ನು ಸವೆಸಿ, ಅನಂತರ ಲೈನರು, ರಿಂಗುಗಳನ್ನು ತಿನ್ನುತ್ತದೆ. ಒಂದು ಕ್ಲಿಪ್ಪಿನ ಅಲಕ್ಷ್ಯ ಎಂಜಿನ್ ಬಿಚ್ಚುವ ತನಕ ಬೆಳೆಯುವುದು ಹೀಗೆ. ಹೋಸನ್ನು ಬಿಚ್ಚಿ ಒಳಗೆ ಬಿಳಿ ಬಟ್ಟೆಯಿಂದ ಒರೆಸಿ ನೋಡಿದರೆ ಸತ್ಯ ಗೊತ್ತಾಗುತ್ತದೆ: ಫಿಲ್ಟರಿನ ಆಚೆಗೆ ಧೂಳು ಸಿಕ್ಕಿದರೆ ಅದು ಬರಬಾರದ ದಾರಿಯಿಂದಲೇ ಬಂದಿದೆ. ಸೋರಿಕೆ ಹುಡುಕಲು ಪೆಟ್ರೋಲು ಅಥವಾ ಸ್ಟಾರ್ಟಿಂಗ್ ಸ್ಪ್ರೇ ಎರಚುವ ಚಟ ಕೆಲವರಿಗಿದೆ. ಡೀಸೆಲ್ ಎಂಜಿನ್ನು ಅದನ್ನೇ ಇಂಧನವಾಗಿ ಹೀರಿ ಅಂಕೆ ಮೀರಿ ಓಡಬಹುದು. ಬೆಂಕಿಯ ಅಪಾಯವೂ ಉಂಟು.

ಟರ್ಬೊದಿಂದ ಎಂಜಿನ್ನಿಗೆ ಗಾಳಿ ಒತ್ತುವ ಹೋಸು ಸೋರಿದರೆ ಲಕ್ಷಣಗಳು ಬೇರೆ. ಐಡಲ್‌ನಲ್ಲಿ ಅಲ್ಲಿ ಒತ್ತಡ ಕಡಿಮೆಯಿರುವುದರಿಂದ ಸದ್ದು ಅಷ್ಟಾಗಿ ಕೇಳಿಸದು. ಲೋಡು ಬಿದ್ದು ದಿಬ್ಬವೇರುವಾಗ ಸೀಟಿ ಏರುತ್ತದೆ, ಎಳೆತ ತಗ್ಗುತ್ತದೆ, ಹಳೆಯ ಲಾರಿಗಳಲ್ಲಿ ಕರಿಹೊಗೆ ಬರುತ್ತದೆ.

ಇನ್ನು ಟರ್ಬೊ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಜಾರಿಗೆ ಬಂದ ಮೇಲಿನ ಡೀಸೆಲ್ ಲಾರಿಗಳಲ್ಲಿ ಅದು ಸಾಮಾನ್ಯ ಭಾಗ. ಅದರ ದಂಡವು ತೆಳುವಾದ ಆಯಿಲ್ ಪದರದ ಮೇಲೆ ತೇಲುತ್ತ ನಿಮಿಷಕ್ಕೆ ಸಾವಿರಾರು ಸಲವಲ್ಲ, ಹತ್ತಾರು ಸಾವಿರ ಸಲ ತಿರುಗುತ್ತದೆ. ಆದುದರಿಂದಲೇ ನಿಂತ ಎಂಜಿನ್ನಿನಲ್ಲಿ ದಂಡವನ್ನು ಬೆರಳಿನಿಂದ ಅಲುಗಿಸಿದಾಗ ಪಕ್ಕಕ್ಕೆ ಕೊಂಚ ಆಡುವುದು ಸಹಜ. ಇದನ್ನೇ ತೋರಿಸಿ "ಟರ್ಬೊ ಹೋಗಿದೆ" ಎಂದವರ ಮಾತನ್ನು ಒಮ್ಮೆಲೇ ಒಪ್ಪಬೇಕಾಗಿಲ್ಲ. ಹಿಂದುಮುಂದಾಗಿ ಕೈಗೆ ಸ್ಪಷ್ಟವಾಗಿ ತಿಳಿಯುವಷ್ಟು ಆಟವಿದ್ದರೆ, ಚಕ್ರದ ಎಲೆಗಳು ಗೋಡೆಗೆ ತಾಗಿದ ಗೀರುಗಳಿದ್ದರೆ, ನೀಲಿ ಹೊಗೆಯೊಂದಿಗೆ ಆಯಿಲ್ಲು ಇಳಿಯುತ್ತಿದ್ದರೆ ಮಾತ್ರ ಅನುಮಾನ ಗಟ್ಟಿಯಾಗುತ್ತದೆ. ಆಗಲೂ ಆಯಿಲ್ ಪೂರೈಸುವ ನಳಿಕೆ ಕಟ್ಟಿಕೊಂಡಿದೆಯೇ ಎಂದು ನೋಡದೆ ಹೊಸದನ್ನು ಹಾಕಿದರೆ ಅದಕ್ಕೂ ಅದೇ ಗತಿ. ಹೊಸ ಲಾರಿಗಳಿಗೆ ಸ್ಕ್ಯಾನರ್ ಜೋಡಿಸಿ ಗಾಳಿಯ ಒತ್ತಡದ ದೋಷವನ್ನು ಓದಬಹುದು. ಆದರೆ ಜಾರುವ ಪಟ್ಟಾದ ಕಿರುಗುಟ್ಟುವಿಕೆಯನ್ನು ಯಾವ ಸ್ಕ್ಯಾನರೂ ಕೇಳಿಸಿಕೊಳ್ಳದು.

ಎಗ್ಸಾಸ್ಟ್ ಮ್ಯಾನಿಫೋಲ್ಡಿನ ಪ್ಯಾಕಿಂಗ್ ಸುಟ್ಟಿದ್ದರೂ ತಣ್ಣಗಿರುವಾಗ ಸೀಟಿಯೋ ಚಿಟಿಚಿಟಿ ಸದ್ದೋ ಬಂದು, ಕಬ್ಬಿಣ ಹಿಗ್ಗಿದಾಗ ನಿಲ್ಲುತ್ತದೆ. ಜೋಡಣೆಯ ಸುತ್ತ ಕಪ್ಪು ಮಸಿ ಕಂಡರೆ ಇದರ ಗುರುತು ಸಿಕ್ಕಂತೆ.

ಗಿರಣಿಗಳ ಜನರೇಟರುಗಳಿಗೂ ಈ ಮಾತು ಅನ್ವಯಿಸುತ್ತದೆ. ವಿದ್ಯುತ್ತು ಹೋದಾಗ ಮಾತ್ರ ನೆನಪಾಗುವ ಜನರೇಟರಿನ ಪಟ್ಟಾ ವಾರಗಟ್ಟಲೆ ಒಂದೇ ಭಂಗಿಯಲ್ಲಿ ಬಗ್ಗಿ ಗಡುಸಾಗಿರುತ್ತದೆ. ಹೊಟ್ಟಿನ ಧೂಳಿನಿಂದ ಅದರ ಫಿಲ್ಟರು ಕಟ್ಟಿರುತ್ತದೆ. ಹಂಗಾಮಿಗೆ ಮುನ್ನ, ಅಂದರೆ ಹೊಸ ಭತ್ತ ಬರುವುದಕ್ಕೆ ಮೊದಲು, ಒಂದು ಬೆಳಗ್ಗೆ ಅದನ್ನು ತಣ್ಣಗಿರುವಾಗಲೇ ಚಾಲೂ ಮಾಡಿಸಿ, ಸದ್ದು ಎಷ್ಟು ನಿಮಿಷ ಇತ್ತು, ಯಾವ ಕಡೆಯಿಂದ ಬಂತು, ಲೋಡು ಕೊಟ್ಟಾಗ ಏರಿತೋ ಇಳಿಯಿತೋ ಎಂಬುದನ್ನು ಗಿರಣಿಯ ವಹಿಯಲ್ಲಿ ಬರೆದಿಟ್ಟರೆ ಮೆಕ್ಯಾನಿಕ್ಕನಿಗೆ ಅರ್ಧ ಕೆಲಸ ಮುಗಿದಂತೆಯೇ.